ಓದುಗರ ಪ್ರಶ್ನೋತ್ತರ: ಅಂಗಡಿಗೆ ಬಂದ ಸೇಬು

ಈ ಸಲದ ಪ್ರಶ್ನೆಗಳೆಲ್ಲ ಸೇಬಿನವೇ. ಕಾಸರಗೋಡಿನ ಕಡೆಯಿಂದ ಹೆಚ್ಚು ಬಂದಿವೆ; ಹೊಸೂರು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾಗಳಿಂದಲೂ ಒಂದೊಂದು ಇವೆ. ತಾಳವಾಡಿಯ ಕೆಲವು ಗಿಡಗಳನ್ನು ಬಿಟ್ಟರೆ ಇದು ನಮ್ಮ ಊರುಗಳ ಬೆಳೆಯಲ್ಲ. ಶಿಮ್ಲಾದಿಂದ ಕರಾವಳಿಗೆ ರಸ್ತೆಯಲ್ಲಿ ಸುಮಾರು 2500 ಕಿಲೋಮೀಟರ್. ಅಂಗಡಿ ಸೇರುವ ಹೊತ್ತಿಗೆ ಅದರ ಆಯಸ್ಸು ಅರ್ಧ ಕಳೆದಿರುತ್ತದೆ. ಉಳಿದರ್ಧ ಅಂಗಡಿಯವರ ಕೈಯಲ್ಲಿದೆ.

ಪ್ರಶ್ನೆ: ಮಳೆಗಾಲದಲ್ಲಿ ಮಂಗಳೂರಿನಿಂದ ತಂದ ಪೆಟ್ಟಿಗೆ ಒಡೆದು ನಾಲ್ಕೇ ದಿನಕ್ಕೆ ಸೇಬಿನ ತೊಟ್ಟಿನ ಕುಳಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕೋಲ್ಡ್ ಸ್ಟೋರೇಜಿನ ಗಟ್ಟಿ ಹಣ್ಣನ್ನೇ ತರುತ್ತೇವೆ. ಎಲ್ಲಿ ತಪ್ಪುತ್ತಿದ್ದೇವೆ?
— ಹಣ್ಣಿನಂಗಡಿಯವರು, ಉಪ್ಪಳ

ಉತ್ತರ: ಪೆಟ್ಟಿಗೆ ಒಡೆಯುವ ಹೊತ್ತಿನಲ್ಲಿ ತಪ್ಪುತ್ತಿದ್ದೀರಿ. ತಣ್ಣಗಿನ ಹಣ್ಣನ್ನು ಜುಲೈ ತಿಂಗಳ ಉಪ್ಪಳದ ಗಾಳಿಗೆ ತೆರೆದರೆ ಐಸ್‌ನೀರಿನ ಲೋಟದ ಹೊರಮೈಯಂತೆ ಸೇಬೂ ಬೆವರುತ್ತದೆ. ಮಳೆಗಾಲದ ಕರಾವಳಿಯಲ್ಲಿ ಗಾಳಿಯ ತೇವ ಎಷ್ಟಿರುತ್ತದೆಂದರೆ, ಹಣ್ಣಿನ ಮೈ ಸುಮಾರು 24 ಡಿಗ್ರಿಗಿಂತ ತಣ್ಣಗಿದ್ದರೆ ಸಾಕು, ನೀರು ಕೂರುತ್ತದೆ. ಮೇಲ್ಮೈಯ ನೀರು ಫ್ಯಾನಿಗೆ ಒಣಗಿಬಿಡುತ್ತದೆ. ತೊಟ್ಟಿನ ಕುಳಿಯಲ್ಲಿ ನಿಂತ ಹನಿ ಮಾತ್ರ ಒಣಗುವುದಿಲ್ಲ. ಬೂಷ್ಟಿನ ಬೀಜಕ ಮೊಳೆಯಲು ಅಷ್ಟು ತೇವ ಸಾಕು.

ಹೀಗೆ ಮಾಡಿ. ತಣ್ಣಗಿನ ಪೆಟ್ಟಿಗೆ ಬಂದ ದಿನ ಒಡೆಯಬೇಡಿ. ಒಳಗೆ ಪ್ಲಾಸ್ಟಿಕ್ ಹಾಳೆಯಿದ್ದರೆ ಅದನ್ನೂ ಹರಿಯಬೇಡಿ. ನೆಲದಿಂದ 10 ಸೆಂಟಿಮೀಟರ್ ಎತ್ತರದ ಮರದ ಚೌಕಟ್ಟಿನ ಮೇಲೆ, ಗೋಡೆಗೆ ತಾಗದಂತೆ, ಪೆಟ್ಟಿಗೆಗಳ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಇಡಿ, ಫ್ಯಾನ್ ಹಾಕಿ. 20 ಕೆಜಿಯ ಪೆಟ್ಟಿಗೆ ಒಳಗಿನವರೆಗೆ ಬೆಚ್ಚಗಾಗಲು ಒಂದು ರಾತ್ರಿ, ಅಂದರೆ 12 ಗಂಟೆಯಾದರೂ ಬೇಕು. ಬೆಳಿಗ್ಗೆ ಮೇಲಿನ ಟ್ರೇಯ ಒಂದು ಹಣ್ಣನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆನಿಸಿದರೆ ಮುಚ್ಚಿ, ಇನ್ನೂ ನಾಲ್ಕು ಗಂಟೆ ಬಿಡಿ.

ಇನ್ನೊಂದು ಅಭ್ಯಾಸ ಇದಕ್ಕಿಂತ ಹೆಚ್ಚು ಹಾಳು ಮಾಡುತ್ತದೆ: ಹಗಲು ಹೊರಗಿಟ್ಟ ಹಣ್ಣನ್ನು ರಾತ್ರಿ ಫ್ರಿಜ್ಜಿಗೆ ಹಾಕಿ ಬೆಳಿಗ್ಗೆ ಮತ್ತೆ ಹೊರಗೆ ತರುವುದು. ದಿನಕ್ಕೊಮ್ಮೆ ಬೆವರಿಸಿದಂತಾಗುತ್ತದೆ. ಫ್ರಿಜ್ಜಿನ ದಾಸ್ತಾನು ಫ್ರಿಜ್ಜಿನಲ್ಲೇ ಇರಲಿ. ಒಂದು ದಿನಕ್ಕೆ ಖರ್ಚಾಗುವಷ್ಟನ್ನು ಮುಚ್ಚಿದ ಚೀಲದಲ್ಲೇ ಹೊರತೆಗೆದು, ಬೆಚ್ಚಗಾದ ಮೇಲೆ ಹಲಗೆಗೆ ಏರಿಸಿ. ಏರಿಸಿದ ಹಣ್ಣು ಮತ್ತೆ ಒಳಗೆ ಹೋಗಬಾರದು.

ಹೊಳಪಿಗೆಂದು ನೀರಿನಲ್ಲಿ ತೊಳೆದು ಇಡುವವರೂ ಇದ್ದಾರೆ. ಮಳೆಗಾಲದಲ್ಲಿ ಅದು ಬೇಡವೇ ಬೇಡ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಒರೆಸುವಾಗ ಕೊಳೆತ ಹಣ್ಣು ಸಿಕ್ಕಿದರೆ ಬಟ್ಟೆ ಬದಲಿಸಿ, ಇಲ್ಲವಾದರೆ ಒಂದರ ಬೂಷ್ಟನ್ನು ನೂರಕ್ಕೆ ಹಚ್ಚಿದಂತಾಗುತ್ತದೆ. ಕ್ರೇಟುಗಳನ್ನು ವಾರಕ್ಕೊಮ್ಮೆ 10 ಲೀಟರ್ ನೀರಿಗೆ 7 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಒಳ್ಳೆಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಬಳಸಿ. ಸೇಬಿನ ಅಡಿಗೆ ಗೋಣಿತಾಟು ಹಾಸುವುದನ್ನು ಬಿಟ್ಟುಬಿಡಿ. ಅದು ಮಳೆಗಾಲವಿಡೀ ಒಣಗುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಮೇ ತಿಂಗಳದಾಗ ಬಿಸಲು 42 ಡಿಗ್ರಿ ಮುಟ್ಟತದ. ಸಫರಚಂದ ಎರಡು ದಿನದಾಗ ಸುಕ್ಕ ಬೀಳ್ತಾವ. ಮ್ಯಾಲೆ ನೀರ ಹೊಡದ್ರ ಚೊಲೊ ಆಗ್ತದೇನು?
— ಓದುಗರು, ಅಕ್ಕಲಕೋಟೆ

ಉತ್ತರ: ನೀರು ಹೊಡೆದರೆ ಹಣ್ಣಿನ ಒಳಕ್ಕೆ ಹೋಗುವುದಿಲ್ಲ. ಒಳಗಿನ ನೀರು ಹೊರಗೆ ಹೋಗುವುದನ್ನು ತಡೆಯುವುದೊಂದೇ ದಾರಿ. ಸೇಬು ತನ್ನ ತೂಕದ ನೂರಕ್ಕೆ 5 ಪಾಲು ನೀರು ಕಳೆದುಕೊಂಡರೆ ಸುಕ್ಕು ಕಣ್ಣಿಗೆ ಬೀಳುತ್ತದೆ. 20 ಕೆಜಿ ಪೆಟ್ಟಿಗೆಯಲ್ಲಿ ಅದು 1 ಕೆಜಿ. ಸುಕ್ಕುವ ಮೊದಲೇ ನಿಮ್ಮ ತಕ್ಕಡಿಯಿಂದ ಅಷ್ಟು ಹೋಗಿರುತ್ತದೆ.

ಉಪ್ಪಳದವರಿಗೆ ಹೇಳಿದ್ದು ನಿಮಗೆ ಹೊಂದುವುದಿಲ್ಲ. ನಿಮ್ಮ ಗಾಳಿ ಒಣ ಗಾಳಿ. ಒಂದು, ದಾಸ್ತಾನನ್ನು ತೆರೆದ ಬುಟ್ಟಿಯಲ್ಲಿಡದೆ, 5 ಮಿಲಿಮೀಟರಿನ ಏಳೆಂಟು ತೂತು ಹಾಕಿದ ಪ್ಲಾಸ್ಟಿಕ್ ಚೀಲದೊಳಗೆ ಪೆಟ್ಟಿಗೆಯಲ್ಲೇ ಇಡಿ. ಎರಡು, ಏರ್ ಕೂಲರ್ ನಿಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಗಾಳಿ ನೇರ ಹಣ್ಣಿಗೆ ಬಡಿಯದೆ ಕೋಣೆಗೆ ಹರಡಲಿ. ಸೀಲಿಂಗ್ ಫ್ಯಾನಿನ ಕೆಳಗೆ ಹಣ್ಣಿನ ಹಲಗೆ ಬೇಡ.

ಹಿತ್ತಲಲ್ಲಿ ನೆರಳಿನ ಜಾಗವಿದ್ದರೆ ಇಟ್ಟಿಗೆಯ ತಂಪು ಕೋಣೆ ಕಟ್ಟಿಕೊಳ್ಳಿ. ದೆಹಲಿಯ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ವಿನ್ಯಾಸವದು, ಕರೆಂಟು ಬೇಡ. ಒಂದರ ಹೊರಗೊಂದು ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ 7.5 ಸೆಂಟಿಮೀಟರ್ ಸಂದು, ಸಂದಿನ ತುಂಬ ಹೊಳೆಮರಳು. ನೆಲದ ಇಟ್ಟಿಗೆ ಹಾಸು 165 ಸೆಂಟಿಮೀಟರ್ ಉದ್ದ, 115 ಅಗಲ; ಗೋಡೆ 67.5 ಎತ್ತರ. ಮೇಲೆ ಬಿದಿರು ಮತ್ತು ಹುಲ್ಲಿನ ಮುಚ್ಚಳ, ಬಿಸಿಲು ತಾಗದಂತೆ ಚಪ್ಪರ. ಬೆಳಿಗ್ಗೆ, ಸಂಜೆ ಮರಳಿಗೆ ನೀರುಣಿಸಬೇಕು. ಸುಡು ಬೇಸಿಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇರುತ್ತದೆ. ಮರಳು ಒಂದು ದಿನ ಒಣಗಿದರೂ ಕೋಣೆ ಬರೀ ಇಟ್ಟಿಗೆಗೂಡು. ಕಾಸರಗೋಡಿನವರು ಇದನ್ನು ಕಟ್ಟಬೇಡಿ. ತೇವದ ಗಾಳಿಯಲ್ಲಿ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ.

ಮೇ ತಿಂಗಳಲ್ಲಿ ಗೋಲ್ಡನ್ ತಳಿ ಕೊಳ್ಳಬೇಡಿ. ಅದರ ಸಿಪ್ಪೆ ನೀರು ಹಿಡಿದಿಡುವುದರಲ್ಲಿ ಎಲ್ಲಕ್ಕಿಂತ ಹಿಂದು, ಬೇಗ ಸುಕ್ಕುತ್ತದೆ.

ಪ್ರಶ್ನೆ: 'ಶಿಮ್ಲಾ', 'ಕಾಶ್ಮೀರ', 'ವಾಷಿಂಗ್ಟನ್' ಎಂದು ಮೂರು ಬೋರ್ಡು ಹಾಕಿ ವರ್ಷವಿಡೀ ಮಾರುತ್ತೇವೆ. ಒಂದೇ ಬೋರ್ಡಿನ ಹಣ್ಣು ಒಂದು ವಾರ ಗರಿಗರಿ, ಇನ್ನೊಂದು ವಾರ ಹಿಟ್ಟುಹಿಟ್ಟು. ಗಿರಾಕಿಗಳು ಬೈಯುತ್ತಾರೆ. ಯಾವ ತಿಂಗಳು ಯಾವುದನ್ನು ತರಬೇಕು?
— ವ್ಯಾಪಾರಿಗಳು, ಬದಿಯಡ್ಕ

ಉತ್ತರ: ನೀವು ಬರೆದಿರುವ ಮೂರೂ ಊರಿನ ಹೆಸರುಗಳು. ಗಿರಾಕಿ ತಿನ್ನುವುದು ತಳಿಯನ್ನು. ಕಾಶ್ಮೀರದಿಂದಲೇ ಹಜರತ್‌ಬಾಲಿ ಬರುತ್ತದೆ, ಡೆಲಿಶಿಯಸ್ ಬರುತ್ತದೆ, ಮಹಾರಾಜಿ ಬರುತ್ತದೆ. ಮೊದಲನೆಯದು ವಾರಕ್ಕೆ ಮೆತ್ತಗಾಗುವ ಹಣ್ಣು, ಕೊನೆಯದು ತಿಂಗಳುಗಟ್ಟಲೆ ಕಲ್ಲಿನಂತಿರುವ ಹುಳಿ ಹಣ್ಣು. ಎರಡಕ್ಕೂ 'ಕಾಶ್ಮೀರ' ಎಂದು ಬರೆದರೆ ಗಿರಾಕಿ ಬೈಯದೆ ಇನ್ನೇನು ಮಾಡಬೇಕು? ಬೋರ್ಡಿನಲ್ಲಿ ತಳಿಯ ಹೆಸರು ಬರಲಿ, ಊರು ಅದರ ಕೆಳಗೆ ಸಣ್ಣಕ್ಷರದಲ್ಲಿ ಇರಲಿ. ಇದೊಂದನ್ನು ಮಾಡಿದರೂ ನಿಮ್ಮ ಅರ್ಧ ತಕರಾರು ಕಡಿಮೆಯಾಗುತ್ತದೆ.

ಜುಲೈಯಲ್ಲಿ ಮೊದಲು ಬರುವುದು ಹಿಮಾಚಲದ ತಗ್ಗು ಬೆಟ್ಟಗಳ ಟೈಡ್‌ಮನ್, ಬೆನ್ನಿಗೇ ಕಾಶ್ಮೀರದ ಹಜರತ್‌ಬಾಲಿ. ಎರಡೂ ನೋಡಲು ಕೆಂಪು, ಒಳಗೆ ಮೃದು. ಬಂದ ನಾಲ್ಕೈದು ದಿನದಲ್ಲಿ ಖಾಲಿಯಾಗುವಷ್ಟೇ ತನ್ನಿ. ಅಗ್ಗವೆಂದು ಹತ್ತು ಪೆಟ್ಟಿಗೆ ಇಳಿಸಿಕೊಂಡವರು ಕೊನೆಗೆ ಹಿಟ್ಟು ಮಾರುತ್ತಾರೆ. ನಮ್ಮ ಕಡೆ 'ಹೊಸ ಸೇಬು ರುಚಿಯಿಲ್ಲ' ಎಂಬ ಮಾತು ಹುಟ್ಟಿದ್ದೇ ಈ ಹಣ್ಣುಗಳನ್ನು ಕಾಲ ಮೀರಿ ಇಟ್ಟು ಮಾರಿದ್ದರಿಂದ.

ಆಗಸ್ಟ್‌ನಲ್ಲಿ ಹಿಮಾಚಲದ ಗಾಲಾ. ಗಾತ್ರ ಸಣ್ಣದು, ಹಳದಿಯ ಮೇಲೆ ಕೆಂಪು ಗೀರು, ಹುಳಿಯಿಲ್ಲದ ಸಿಹಿ. ಮಕ್ಕಳಿರುವ ಮನೆಯವರಿಗೆ ಇದನ್ನೇ ತೋರಿಸಿ. ಆಗಸ್ಟ್ ಮಧ್ಯದಿಂದ ರಾಯಲ್ ಡೆಲಿಶಿಯಸ್ ಶುರು. ಸೆಪ್ಟೆಂಬರ್ ಅದರ ಭರ್ತಿ ಕಾಲ. ಬುಡದಲ್ಲಿ ಐದು ಉಬ್ಬು ಇರುವ ಉದ್ದನೆಯ ಕೆಂಪು ಹಣ್ಣು ಈ ಕುಲದ್ದು. ಈ ಕುಲವನ್ನು ಅಮೆರಿಕದಿಂದ ತಂದು 1916ರಲ್ಲಿ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟವರು ಸತ್ಯಾನಂದ ಸ್ಟೋಕ್ಸ್. ಹಿಮಾಚಲದ ಸೇಬಿನ ವ್ಯಾಪಾರ ನಿಂತಿರುವುದೇ ಆ ಗಿಡಗಳ ಮೇಲೆ. ನಿಮ್ಮ ಪಾಲಿಗೆ ಚೌತಿ, ಓಣಂ ಎರಡೂ ಈ ಹೊತ್ತಿಗೇ ಬೀಳುವುದರಿಂದ ವರ್ಷದ ದೊಡ್ಡ ಖರೀದಿಯನ್ನು ರಾಯಲ್‌ನಲ್ಲೇ ಮಾಡಿ: ಬೆಲೆ ಇಳಿದಿರುತ್ತದೆ, ಹಣ್ಣು ತಾಜಾ ಇರುತ್ತದೆ.

ನವರಾತ್ರಿಯಿಂದ ದೀಪಾವಳಿವರೆಗಿನ ಹಣ್ಣು ವರ್ಷದಲ್ಲೇ ಶ್ರೇಷ್ಠ. ಸೆಪ್ಟೆಂಬರ್ ಕೊನೆಯಿಂದ ಹಿಮಾಚಲದ ಕಿನ್ನೌರಿನ ಎತ್ತರದ ತೋಟಗಳ ಹಣ್ಣು ಬರುತ್ತದೆ. ಗಟ್ಟಿ, ರಸಭರಿತ, ತಾಳಿಕೆ ಹೆಚ್ಚು. ಕಾಶ್ಮೀರದ ಡೆಲಿಶಿಯಸ್ ಕೂಡ ಇದೇ ಹೊತ್ತಿಗೆ. ಅಂಬ್ರಿ ಸಿಕ್ಕರೆ ಬಿಡಬೇಡಿ. ಅದು ಕಾಶ್ಮೀರದ ನೆಲದ್ದೇ ತಳಿ, ಕೋಣೆಯಲ್ಲಿಟ್ಟರೆ ಪರಿಮಳ ಹರಡುತ್ತದೆ, ಬಹಳ ದಿನ ಗರಿಗರಿ ಇರುತ್ತದೆ. ಬಣ್ಣ ಮಾಸಲು, ಆದ್ದರಿಂದ ಕೊಯ್ದು ರುಚಿ ತೋರಿಸದೆ ಹೋಗುವುದಿಲ್ಲ. ಹಸಿರು ಮೈಮೇಲೆ ಕಡುಗೆಂಪಿನ ದಪ್ಪ ಮಹಾರಾಜಿ ಅಕ್ಟೋಬರ್ ಕೊನೆ, ನವೆಂಬರಿನದು. ಬಂದ ಕೂಡಲೆ ಮಾರಿದರೆ ಹುಳಿಯೆಂದು ವಾಪಸು ಬರುತ್ತದೆ, ಇಟ್ಟಷ್ಟೂ ಸಿಹಿಯಾಗುತ್ತದೆ.

ಡಿಸೆಂಬರಿನಿಂದ ಮುಂದೆ ಸಿಗುವ ನಮ್ಮ ದೇಶದ ಸೇಬೆಲ್ಲ ದಾಸ್ತಾನಿನದು. ಇದನ್ನು 'ಹಳೆ ಹಣ್ಣು' ಎಂದು ಹೀಗಳೆಯಬೇಕಿಲ್ಲ. ಸಿಎ (ಕಂಟ್ರೋಲ್ಡ್ ಅಟ್ಮಾಸ್ಫಿಯರ್, ಅಂದರೆ ಗಾಳಿಯನ್ನು ಹತೋಟಿಯಲ್ಲಿಟ್ಟ) ಕೋಣೆಯಲ್ಲಿ ಗಾಳಿಯ ಆಮ್ಲಜನಕವನ್ನು ಶೇಕಡಾ 21ರಿಂದ 1-3ಕ್ಕೆ ಇಳಿಸಿ, ಸೊನ್ನೆಯ ಆಸುಪಾಸಿನ ತಂಪಿನಲ್ಲಿ ಇಡುತ್ತಾರೆ. ಹಣ್ಣಿನ ಉಸಿರಾಟ ನಿಧಾನವಾಗಿ ತಿಂಗಳುಗಟ್ಟಲೆ ಗಟ್ಟಿಯಾಗಿರುತ್ತದೆ. ಆದರೆ ಆ ಕೋಣೆಯಿಂದ ಹೊರಬಂದ ಮೇಲೆ ಉಸಿರಾಟ ಮತ್ತೆ ಬಿರುಸಾಗುತ್ತದೆ, ನಮ್ಮ ಸೆಕೆಯಲ್ಲಂತೂ ಬೇಗ ಮೆತ್ತಗಾಗುತ್ತದೆ. ಕೊಳ್ಳುವಾಗ 'ಸಿಎ ಒಡೆದು ಎಷ್ಟು ದಿನ ಆಯಿತು' ಎಂದು ಕೇಳಿ. ಉತ್ತರ ಕೊಡದ ಮಂಡಿಯವರಿಂದ ಏಪ್ರಿಲ್ ನಂತರ ಪೆಟ್ಟಿಗೆಗಟ್ಟಲೆ ಕೊಳ್ಳದಿರುವುದು ಕ್ಷೇಮ.

ವಿಷು ಹೊತ್ತಿಗೆ ದಕ್ಷಿಣಾರ್ಧಗೋಳದ ಹೊಸ ಬೆಳೆ ಬರಲು ಶುರುವಾಗಿರುತ್ತದೆ. ನ್ಯೂಜಿಲೆಂಡ್, ಚಿಲಿ, ದಕ್ಷಿಣ ಆಫ್ರಿಕಗಳಲ್ಲಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್. ವಾಷಿಂಗ್ಟನ್ ರಾಜ್ಯದ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಾಗಾಗಿ ಮೇ ತಿಂಗಳ ವಾಷಿಂಗ್ಟನ್ ರೆಡ್ ಡೆಲಿಶಿಯಸ್ ಏಳೆಂಟು ತಿಂಗಳ ದಾಸ್ತಾನು, ಅದೇ ಮೇ ತಿಂಗಳ ನ್ಯೂಜಿಲೆಂಡ್ ಗಾಲಾ ಹೊಸ ಹಣ್ಣು. ಬೆಲೆ ಹತ್ತಿರವಿದ್ದರೆ ಗಾಲಾವನ್ನೇ ತನ್ನಿ, ವಾಷಿಂಗ್ಟನ್ನಿನ ಕೆಂಪು ಎಷ್ಟೇ ಕಣ್ಸೆಳೆದರೂ.

ಕೊಳ್ಳುವಾಗ ಮೇಲಿನ ಪದರ ಮಾತ್ರ ನೋಡಿ ಬರಬೇಡಿ. ಮೂರನೆಯ ಟ್ರೇ ಎತ್ತಿಸಿ. ಕೆಂಪು, ನೇರಳೆ ಕಾಗದ ಹಾಸಿದ ಪೆಟ್ಟಿಗೆಯ ಹಣ್ಣನ್ನು ಹೊರಗೆ ಹಗಲ ಬೆಳಕಿಗೆ ತಂದು ನೋಡಿ. ಒಂದನ್ನು ಅಡ್ಡಕ್ಕೆ ಕೊಯ್ಯಿರಿ: ಬೀಜ ಕಂದು ಇದ್ದರೆ ಬಲಿತದ್ದು, ಬಿಳಿಯಾಗಿದ್ದರೆ ಎಳಸಿನಲ್ಲೇ ಕಿತ್ತದ್ದು. ಬೀಜದ ಸುತ್ತಲ ತಿರುಳು ಕಂದಾಗಿದ್ದರೆ ದಾಸ್ತಾನಿನಲ್ಲಿ ಕೆಟ್ಟದ್ದು. ಕೈಗೆ ಜಿಡ್ಡು ತಾಗುವ ಹಣ್ಣು ಅತಿಯಾಗಿ ಮಾಗಿದ್ದು. ಗಾಲಾದಲ್ಲಿ ಇದು ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಹಣ್ಣಿಗೆಂದು ನನ್ನ ಅಂಗಡಿಯಲ್ಲಿರುವುದು ನಾಲ್ಕಡಿ ಜಾಗ. ದೊಡ್ಡ ಸೂಪರ್ ಮಾರ್ಕೆಟ್ಟಿನಂತೆ ಗೋಪುರ ಕಟ್ಟಿದರೆ ಉರುಳುತ್ತದೆ, ಕೆಳಗಿನವು ಜಜ್ಜುತ್ತವೆ. ಹೇಗೆ ಜೋಡಿಸಲಿ?
— ಕಿರಾಣಿ ಅಂಗಡಿಯವರು, ಹೊಸೂರು

ಉತ್ತರ: ಗೋಪುರ ಬಿಡಿ. ದಿನಕ್ಕೆ ಕ್ವಿಂಟಾಲ್ ಮಾರುವಲ್ಲಿ ಮಾತ್ರ ಅದು ಸರಿ, ಕೆಳಗಿನ ಹಣ್ಣು ಅಲ್ಲೇ ಕೂತು ಹಳತಾಗುವ ಮೊದಲು ಖಾಲಿಯಾಗುತ್ತದೆ. ನಿಮಗೆ ಬೇಕಾದ್ದು ಓರೆ ಹಲಗೆ.

60 ಸೆಂಟಿಮೀಟರ್ ಆಳದ ಹಲಗೆ, ಮುಂಬದಿ ನೆಲದಿಂದ 75 ಸೆಂಟಿಮೀಟರ್ ಎತ್ತರ, ಹಿಂಬದಿ ಅದಕ್ಕಿಂತ 15 ಸೆಂಟಿಮೀಟರ್ ಮೇಲೆ. ಇದಕ್ಕಿಂತ ಹೆಚ್ಚು ಓರೆಯಾದರೆ ಮುಂದಿನ ಒಂದು ತೆಗೆದಾಗ ಹಿಂದಿನವೆಲ್ಲ ಜಾರುತ್ತವೆ. ಕಡಿಮೆಯಾದರೆ ಹಿಂದಿನ ಸಾಲು ಗಿರಾಕಿಗೆ ಕಾಣುವುದಿಲ್ಲ. ಮುಂಬದಿಗೆ 6 ಸೆಂಟಿಮೀಟರಿನ ತಡೆಪಟ್ಟಿ ಹೊಡೆಯಿರಿ. ಮೇಲೆ ಒಂದು ಸೆಂಟಿಮೀಟರ್ ದಪ್ಪದ ಫೋಮ್ ಹಾಳೆ, ಅದರ ಮೇಲೆ ಪೆಟ್ಟಿಗೆಯಲ್ಲೇ ಬರುವ ಕುಳಿಯಿರುವ ರಟ್ಟಿನ ಟ್ರೇ. ಆ ಟ್ರೇಗಳನ್ನು ಎಸೆಯಬೇಡಿ, ಒಣಗಿರುವವರೆಗೂ ಬಳಸಬಹುದು. ಹಣ್ಣು ಕುಳಿಯಲ್ಲಿ ಕೂತರೆ ಉರುಳುವ ಮಾತೇ ಇಲ್ಲ.

ನಾಲ್ಕಡಿಯನ್ನು 30 ಸೆಂಟಿಮೀಟರಿನ ನಾಲ್ಕು ಭಾಗ ಮಾಡಿ. 180 ಗ್ರಾಂ ತೂಗುವ ಸೇಬು ಸುಮಾರು 7.5 ಸೆಂಟಿಮೀಟರ್ ಅಗಲ. ಒಂದು ಭಾಗದಲ್ಲಿ ಅಡ್ಡಕ್ಕೆ 4, ಉದ್ದಕ್ಕೆ 8, ಒಟ್ಟು 32 ಹಣ್ಣು, ಹತ್ತಿರ ಹತ್ತಿರ 6 ಕೆಜಿ. ರಾಯಲ್, ಕಿನ್ನೌರ್, ಫ್ಯೂಜಿಯಂಥ ಗಟ್ಟಿ ಹಣ್ಣನ್ನು ಎರಡು ಪದರ ಇಡಬಹುದು, ನಡುವೆ ಟ್ರೇ ಇರಬೇಕು. ಗೋಲ್ಡನ್, ಟೈಡ್‌ಮನ್, ಹಜರತ್‌ಬಾಲಿ ಒಂದೇ ಪದರ. ಹಣ್ಣು ಕಡಿಮೆಯಿರುವ ದಿನ ಹಲಗೆ ಬೋಳಾಗಿ ಕಾಣುತ್ತದೆಂದು ಹಳತನ್ನು ತುಂಬಬೇಡಿ. ಅಡಿಯಲ್ಲಿ ಮಗುಚಿದ ಖಾಲಿ ಟ್ರೇ ಎರಡು ಇಟ್ಟು ಮೇಲೆ ಒಂದೇ ಪದರ ಜೋಡಿಸಿದರೆ ತುಂಬಿದಂತೆಯೇ ಕಾಣುತ್ತದೆ.

ಎರಡು ಕೆಂಪು ತಳಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದೇ ರಾಶಿಯಂತೆ ಕಾಣುತ್ತದೆ, ಗಿರಾಕಿ ಕಡಿಮೆ ಬೆಲೆಯದನ್ನು ತೆಗೆದುಕೊಂಡು ಹೋಗುತ್ತಾನೆ. ನಡುವೆ ಹಸಿರು ಗ್ರಾನಿ ಸ್ಮಿತ್ ಅಥವಾ ಹಳದಿ ಗೋಲ್ಡನ್ ಬರಲಿ. ಗ್ರಾನಿ ಸ್ಮಿತ್ ಮಾರಾಟ ಕಡಿಮೆಯೇ, ಆದರೂ ಪಕ್ಕದ ಕೆಂಪನ್ನು ಅದು ಎತ್ತಿ ತೋರಿಸುತ್ತದೆ. 3 ಕೆಜಿ ಇದ್ದರೆ ಸಾಕು. ಪ್ರತಿ ಹಣ್ಣಿನ ಹೆಚ್ಚು ಬಣ್ಣದ ಕೆನ್ನೆ ಮುಂದಕ್ಕೆ, ತೊಟ್ಟು ಮೇಲಕ್ಕೆ. ಪಕ್ಕದ ಹಣ್ಣಿಗೆ ತೊಟ್ಟು ಚುಚ್ಚಿದರೆ ಸಂಜೆಯೊಳಗೆ ಅಲ್ಲಿ ಕಂದು ಚುಕ್ಕೆ.

ದೀಪ ಬಿಳಿ ಎಲ್‌ಇಡಿ ಇರಲಿ, ಹಣ್ಣಿನಿಂದ ಮೂರಡಿ ಮೇಲೆ. ಕೆಂಪು ಬಲ್ಬು, ಕೆಂಪು ಜರಿಕಾಗದ ಹಾಕಬೇಡಿ. ಮನೆಗೆ ಹೋಗಿ ನೋಡಿದವರು ಮೋಸವೆಂದೇ ತಿಳಿಯುತ್ತಾರೆ, ಅದು ಮೋಸವೇ ಹೌದು. ಪಡುವಣ ಮುಖದ ಅಂಗಡಿಯಾದರೆ ಮಧ್ಯಾಹ್ನ ಮೂರರ ನಂತರ ಪರದೆ ಇಳಿಸಿ.

ಬೆಳಿಗ್ಗೆ ಹೊಸ ಹಣ್ಣನ್ನು ಹಿಂದಕ್ಕೆ ಹಾಕಿ ಉಳಿದದ್ದನ್ನು ಮುಂದಕ್ಕೆ ಎಳೆಯಿರಿ. ಹೊಸದನ್ನು ಹಳತರ ಮೇಲೆ ಸುರಿಯುವುದು ಎಲ್ಲ ಕಡೆ ನಡೆಯುವ ತಪ್ಪು. ಅಡಿಯದ್ದು ವಾರವಾದರೂ ಹೊರಬರುವುದಿಲ್ಲ. ಜೋಡಿಸುವಾಗ ಸುರಿಯದೆ ಒಂದೊಂದಾಗಿ ಇಡಿ. ಒಂದು ಗೇಣು ಎತ್ತರದಿಂದ ಬಿದ್ದ ಸೇಬು ಆಗ ಚೆನ್ನಾಗೇ ಕಾಣುತ್ತದೆ, ಮರುದಿನ ಸಿಪ್ಪೆಯಡಿ ಕಂದುತ್ತದೆ.

ಹೆಬ್ಬೆರಳಿನಿಂದ ಒತ್ತಿ ನೋಡುವ ಗಿರಾಕಿಯನ್ನು ಗದರಬೇಡಿ. ಗಟ್ಟಿಯಿದೆಯೋ ಎಂದು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ. ಆ ದಾರಿಯನ್ನು ನೀವು ಕೊಡಿ. ದಿನಕ್ಕೆ ಒಂದೆರಡು ಹಣ್ಣು ಕೊಯ್ದು ರುಚಿ ನೋಡಲು ಇಡಿ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಹೋಳುಗಳನ್ನು ಐದು ನಿಮಿಷ ಅದ್ದಿ ತೆಗೆದರೆ ಬೇಗ ಕಂದುವುದಿಲ್ಲ. ಮುಚ್ಚಳದ ಡಬ್ಬಿ, ಹಲ್ಲುಕಡ್ಡಿ ಇರಲಿ; ಎರಡು ಗಂಟೆಗೊಮ್ಮೆ ಬದಲಿಸಿ.

ಬೋರ್ಡಿನಲ್ಲಿ ನಾಲ್ಕು ಸಂಗತಿ ಇರಬೇಕು: ತಳಿ, ಊರು, ರುಚಿ, ಕೆಜಿ ಬೆಲೆ. 'ಗಾಲಾ – ಹಿಮಾಚಲ – ಸಿಹಿ, ಹುಳಿಯಿಲ್ಲ.' 'ಮಹಾರಾಜಿ – ಕಾಶ್ಮೀರ – ಹುಳಿಸಿಹಿ, ತಿಂಗಳು ತಾಳುತ್ತದೆ.' ನಿಮ್ಮ ಊರಿನಲ್ಲಿ ಕನ್ನಡದ ಜೊತೆ ತಮಿಳು, ತೆಲುಗಿನಲ್ಲೂ ಬರೆಯಿರಿ. ಪಕ್ಕದಲ್ಲೇ 'ಒಂದು ಹಣ್ಣಿಗೆ ಸುಮಾರು ಇಷ್ಟು' ಎಂದು ಬರೆದರೆ, ಆಸ್ಪತ್ರೆಗೋ ಪೂಜೆಗೋ ಎರಡೇ ಹಣ್ಣು ಬೇಕಾದವರು ಕೇಳಲು ಮುಜುಗರಪಡದೆ ಕೊಳ್ಳುತ್ತಾರೆ.

ಪ್ರಶ್ನೆ: ಚಿಪ್ಸಿನವರಿಗೆಂದು ತೂಗುಹಾಕಿದ ನೇಂದ್ರ ಕಾಯಿ ಎರಡೇ ದಿನದಲ್ಲಿ ಹಣ್ಣಾಗುತ್ತಿದೆ. ಕೆಳಗೆ ಸೇಬಿನ ಬುಟ್ಟಿ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
— ಓದುಗರು, ಕುಂಬಳೆ

ಉತ್ತರ: ಇದೆ. ಮಾಗುವ ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಒಂದು ಪಾಲು ಇದ್ದರೂ ಬಾಳೆಕಾಯಿ ಮಾಗಲು ತೊಡಗುತ್ತದೆ. ಈ ಅನಿಲ ಹೆಚ್ಚುಕಡಿಮೆ ಗಾಳಿಯಷ್ಟೇ ಭಾರ, ಆದ್ದರಿಂದ ಬಾಳೆಯನ್ನು ಮೇಲೆ ತೂಗಿದರೂ ಕೆಳಗಿಟ್ಟರೂ ಒಂದೇ. ಗಾಳಿಯಾಡುವ ಇನ್ನೊಂದು ಬದಿಗೆ, ಕನಿಷ್ಠ ಎರಡು ಮೀಟರ್ ದೂರಕ್ಕೆ ಸಾಗಿಸಿ. ರಾತ್ರಿ ಶಟರ್ ಎಳೆದ ಮೇಲೆ ಅನಿಲ ಒಳಗೇ ಉಳಿಯುವುದರಿಂದ ಎರಡನ್ನೂ ಒಂದೇ ಕೋಣೆಯಲ್ಲಿ ಮುಚ್ಚಿಡಬೇಡಿ. ಹರಿವೆ, ಬಸಳೆ, ಹಾಗಲಕಾಯಿ, ಮುಳ್ಳುಸೌತೆ ಹಳದಿಯಾಗುವುದೂ ಇದರಿಂದಲೇ, ಕ್ಯಾರೆಟ್ಟು ಕಹಿಯಾಗುತ್ತದೆ. ಸೇಬು ವಾಸನೆಯನ್ನೂ ಹೀರುತ್ತದೆ: ಈರುಳ್ಳಿ, ಬೆಳ್ಳುಳ್ಳಿ, ಒಣಮೀನಿನ ಹತ್ತಿರ ಇಡಲೇಬೇಡಿ.

ಮದುವೆಗೆ ಗೊನೆ ಬೇಗ ಹಣ್ಣಾಗಬೇಕಿದ್ದರೆ ಇದನ್ನೇ ಬಳಸಿಕೊಳ್ಳಬಹುದು. ಮುಚ್ಚಿದ ಡಬ್ಬಿಪೆಟ್ಟಿಗೆಯಲ್ಲಿ ಬಾಳೆಯ ಜೊತೆ ನಾಲ್ಕೈದು ಮಾಗಿದ ಸೇಬು ಇಟ್ಟರಾಯಿತು. ಪುಡಿ, ಕಾರ್ಬೈಡ್ ಏನೂ ಬೇಡ.

ಪ್ರಶ್ನೆ: ಬಿಸಿನೀರಿಗೆ ಹಾಕಿದ ಸೇಬಿನ ಮೇಲೆ ಬಿಳಿ ಪೊರೆ ಎದ್ದಿತು. ಮೇಣವಂತೆ. ತಿನ್ನಬಹುದೇ? — ಗೃಹಿಣಿ, ಪೆರ್ಲ

ಉತ್ತರ: ತಿನ್ನಬಹುದು. ಸೇಬಿನ ಸಿಪ್ಪೆಯಲ್ಲಿ ಅದರದೇ ಮೇಣ ಇರುತ್ತದೆ. ಪ್ಯಾಕಿಂಗ್ ಮನೆಯಲ್ಲಿ ತೊಳೆದಾಗ ಹೋದದ್ದಕ್ಕೆ ಬದಲಾಗಿ ತೆಳುವಾಗಿ ಲೇಪಿಸುವುದೂ ಉಂಟು. ನಮ್ಮ ಆಹಾರ ಸುರಕ್ಷತಾ ನಿಯಮ ಜೇನುಮೇಣ, ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯ ಮೇಣ, ಅರಗಿನ ಮೇಣ ಇವುಗಳನ್ನು ಲೇಬಲಿನಲ್ಲಿ ನಮೂದಿಸುವ ಷರತ್ತಿನೊಡನೆ ಒಪ್ಪುತ್ತದೆ. ಬಿಸಿಗೆ ಅದು ಬೆಳ್ಳಗಾಗುತ್ತದೆ. ತೊಟ್ಟಿನ ಕುಳಿಯಲ್ಲಿ ಪುಡಿಯಂತೆ ಕಂಡರೆ ಅದು ತೋಟದಲ್ಲಿ ಸಿಂಪಡಿಸಿದ ಔಷಧಿಯ ಶೇಷ ಇರಬಹುದು. 1 ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿ 15 ನಿಮಿಷ ಬಿಟ್ಟು, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆಯೊಳಗೆ ಇಳಿದದ್ದು ಇದರಿಂದ ಹೋಗುವುದಿಲ್ಲ.

ಅಂಗಡಿಯವರಿಗೊಂದು ಮಾತು: ಹೊಳಪಿಗೆ ತೆಂಗಿನೆಣ್ಣೆ ಸವರಬೇಡಿ. ಧೂಳು ಅಂಟುತ್ತದೆ, ಎರಡು ದಿನಕ್ಕೆ ಕಮಟು ವಾಸನೆ.

ಪ್ರಶ್ನೆ: ಸ್ಟಿಕರಿನ ಮೇಲಿನ ನಂಬರು ಗುಣಮಟ್ಟದ್ದೇ? — ವಿದ್ಯಾರ್ಥಿ, ಮಡಕಶಿರಾ

ಉತ್ತರ: ಅಲ್ಲ, ಬಿಲ್ಲು ಹಾಕುವವರಿಗೆ ತಳಿ ಮತ್ತು ಗಾತ್ರ ತಿಳಿಯಲೆಂದು ಇರುವ ಸಂಖ್ಯೆ. 4016 ಎಂದರೆ ದೊಡ್ಡ ರೆಡ್ ಡೆಲಿಶಿಯಸ್, 4015 ಸಣ್ಣದು. 4135 ದೊಡ್ಡ ಗಾಲಾ, 4131 ದೊಡ್ಡ ಫ್ಯೂಜಿ, 4017 ದೊಡ್ಡ ಗ್ರಾನಿ ಸ್ಮಿತ್. ಮುಂದೆ 9 ಸೇರಿ ಐದಂಕಿಯಾದರೆ ಸಾವಯವ. ಕೊಯ್ದ ದಿನಾಂಕವಾಗಲಿ ದರ್ಜೆಯಾಗಲಿ ಅದರಲ್ಲಿಲ್ಲ. ಪೆಟ್ಟಿಗೆಯ ಮೇಲಿನ 100, 113, 125 ಬೇರೆಯೇ ಲೆಕ್ಕ: ಪೆಟ್ಟಿಗೆಯಲ್ಲಿರುವ ಹಣ್ಣುಗಳ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಹಣ್ಣು ಸಣ್ಣದು. ಕೊಳ್ಳುವಾಗ ಸ್ಟಿಕರ್ ಎಬ್ಬಿಸಿ ಅಡಿಯಲ್ಲಿ ಕಲೆಯಿದೆಯೇ ನೋಡಿ.

ಪ್ರಶ್ನೆ: 20 ಕೆಜಿ ಪೆಟ್ಟಿಗೆಗೆ ಶೇಕಡಾ 20 ಲಾಭ ಸೇರಿಸಿಯೇ ಮಾರುತ್ತೇನೆ. ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರುವುದಿಲ್ಲ. — ವ್ಯಾಪಾರಿ, ಮಂಜೇಶ್ವರ

ಉತ್ತರ: ನೀವು ಲಾಭ ಸೇರಿಸುತ್ತಿರುವುದು ಕೊಂಡ ತೂಕಕ್ಕೆ. ದುಡ್ಡು ಬರುವುದು ಮಾರಿದ ತೂಕಕ್ಕೆ. ಉದಾಹರಣೆಗೆ ಪೆಟ್ಟಿಗೆ 2400 ರೂಪಾಯಿ, ಬಾಡಿಗೆ ಮತ್ತು ಇಳಿಸುವ ಕೂಲಿ 40, ಒಟ್ಟು 2440. ಕೊಳೆತದ್ದು, ಒಣಗಿದ್ದು, ರುಚಿಗೆ ಕೊಯ್ದದ್ದು ಸೇರಿ ಶೇಕಡಾ 8 ಹೋಯಿತೆನ್ನಿ: ಉಳಿಯುವುದು 18.4 ಕೆಜಿ. ಹಾಗಾದರೆ ನಿಮ್ಮ ನಿಜವಾದ ಅಸಲು ಕೆಜಿಗೆ 120 ಅಲ್ಲ, ಹತ್ತಿರ ಹತ್ತಿರ 133. ನೀವು 144ಕ್ಕೆ ಮಾರಿದರೆ ಪೆಟ್ಟಿಗೆಗೆ ಸುಮಾರು 210 ರೂಪಾಯಿ ಉಳಿಯುತ್ತದೆ. ಕ್ಯಾರಿಬ್ಯಾಗು, ಕರೆಂಟು, ಚೌಕಾಸಿಯಲ್ಲಿ ಬಿಟ್ಟದ್ದು ಎಲ್ಲ ಅದರಲ್ಲೇ ಹೋಗಬೇಕು. ಮಾರುವ ಬೆಲೆಯಲ್ಲಿ ಶೇಕಡಾ 18 ಉಳಿಯಬೇಕಾದರೆ 133ನ್ನು 0.82ರಿಂದ ಭಾಗಿಸಿ: 162.

ಈ 8 ಎಂಬುದನ್ನು ಊಹಿಸಬೇಡಿ. ಒಂದು ತಿಂಗಳು ಎಸೆದ ಹಣ್ಣನ್ನೆಲ್ಲ ತೂಗಿ, ತಳಿವಾರು ಬರೆದಿಡಿ. ಗಾಲಾದ್ದು ಬೇರೆ, ಗೋಲ್ಡನ್ನಿನದು ಬೇರೆ ಬರುತ್ತದೆ. ಎಲ್ಲಕ್ಕೂ ಒಂದೇ ಲಾಭ ಹಾಕುವುದೂ ನಷ್ಟಕ್ಕೆ ಇನ್ನೊಂದು ಕಾರಣ.

ಪ್ರಶ್ನೆ: ತಾಳವಾಡಿ ಬೆಟ್ಟದಲ್ಲಿ ಬಿಸಿಲಿಗೂ ಬೆಳೆಯುವ ಸೇಬಿನ ಗಿಡ ನೆಟ್ಟವರಿದ್ದಾರೆ. ಆ ಹಣ್ಣನ್ನು ನಂಬಿ ವ್ಯಾಪಾರ ಮಾಡಬಹುದೇ? — ಓದುಗರು, ತಾಳವಾಡಿ

ಉತ್ತರ: ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ರೂಪಿಸಿದ ಎಚ್‌ಆರ್‌ಎಂಎನ್-99, ಅಲ್ಲದೆ ಅನ್ನಾ, ಡಾರ್ಸೆಟ್ ಗೋಲ್ಡನ್ ಇವು ಕಡಿಮೆ ಚಳಿ ಸಾಕೆನ್ನುವ ತಳಿಗಳು. ಎಚ್‌ಆರ್‌ಎಂಎನ್-99 ಮಾಗುವುದು ಜೂನ್ ಹೊತ್ತಿಗೆ, ನಮ್ಮ ದೇಶದ ಬೇರೆ ಹೊಸ ಸೇಬು ಕಡಿಮೆಯಿರುವ ಕಾಲ, ಅದು ಅನುಕೂಲ. ಆದರೆ ಬೇಗ ಮಾಗುವ ತಳಿಗಳು ಬೇಗ ಮೆತ್ತಗೂ ಆಗುತ್ತವೆ. ಬೆಳೆದವರಿಂದ ಎರಡು ಮೂರು ದಿನಕ್ಕೆ ಖರ್ಚಾಗುವಷ್ಟನ್ನು, ಬೆಳಿಗ್ಗೆ ಕಿತ್ತದ್ದನ್ನೇ ತಂದು 'ತಾಳವಾಡಿ ಸೇಬು' ಎಂದು ದೊಡ್ಡದಾಗಿ ಬರೆದು ಬೇರೆ ಬುಟ್ಟಿಯಲ್ಲಿ ಇಡಿ. ರಾಯಲ್ ಜೊತೆ ಬೆರೆಸಿದರೆ ಎರಡರ ಹೆಸರೂ ಕೆಡುತ್ತದೆ.

ಪ್ರಶ್ನೆ: ಅರ್ಧ ಕೊಳೆತ ಸೇಬನ್ನು ಜ್ಯೂಸಿನ ಅಂಗಡಿಗೆ ಕಡಿಮೆ ಬೆಲೆಗೆ ಕೊಡುವುದು ಸರಿಯೇ? — ಓದುಗರು, ಮುಳ್ಳೇರಿಯ

ಉತ್ತರ: ಜಜ್ಜಿದ್ದು ಬೇರೆ, ಕೊಳೆತದ್ದು ಬೇರೆ. ಬಿದ್ದು ಕಂದಿದ, ಸುಕ್ಕಿದ, ಹಿಟ್ಟಾದ ಹಣ್ಣನ್ನು ಅದೇ ದಿನ ಜ್ಯೂಸಿಗೆ ಕೊಡಬಹುದು, ಕಂದಿದ ಭಾಗ ಕೊಯ್ದರೆ ಆಯಿತು. ಬೂಷ್ಟು ಹಿಡಿದದ್ದನ್ನು ಮಾತ್ರ ಯಾರಿಗೂ ಕೊಡಬೇಡಿ. ಸೇಬಿನ ನೀಲಿ ಬೂಷ್ಟು ಪ್ಯಾಟುಲಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. ಅದು ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಆಚೆಗೂ ತಿರುಳಿನಲ್ಲಿ ಹರಡಿರುತ್ತದೆ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಜ್ಯೂಸಿನಲ್ಲಿ ಸಕ್ಕರೆ, ಹಾಲು ಸೇರಿದ ಮೇಲೆ ಕುಡಿಯುವವರಿಗೆ ರುಚಿಯಿಂದಲೂ ಗೊತ್ತಾಗುವುದಿಲ್ಲ; ಕುಡಿಯುವವರಲ್ಲಿ ಮಕ್ಕಳೇ ಹೆಚ್ಚು. ಅಂಥ ಹಣ್ಣು ಗೊಬ್ಬರದ ಗುಂಡಿಗೆ ಹೋಗಲಿ. ದನಕ್ಕೂ ಹಾಕಬೇಡಿ.